ಮ್ಯೂಟ್ ಮಾಡಿಟ್ಟ ಗ್ರೂಪಿನೊಳಗೊಂದು ಊರು

ನಿಮ್ಮ ಫೋನಿನಲ್ಲೂ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗ್ರೂಪ್ ಒಂದು ಇದ್ದೇ ಇರುತ್ತದೆ. ಅದನ್ನು ನೀವು ಮ್ಯೂಟ್ ಮಾಡಿಯೇ ಇಟ್ಟಿರುತ್ತೀರಿ. ಬೆಳಗ್ಗೆ ಆಫೀಸ್ ಕಾಲ್‌ನಲ್ಲಿ ಕೂತಿರುವಾಗ “ಬಿ ಬ್ಲಾಕ್ ಲಿಫ್ಟ್ ಮತ್ತೆ ನಿಂತಿದೆ”, “ನನ್ನ ಪಾರ್ಕಿಂಗ್‌ನಲ್ಲಿ ನಿಂತಿರೋ ಬಿಳಿ ಕಾರು ಯಾರದು?”, “ಕಾರಿಡಾರಲ್ಲಿ ಚಪ್ಪಲಿ ಸ್ಟ್ಯಾಂಡ್ ಇಡಬೇಡಿ” ಅಂತ ಒಂದರ ಹಿಂದೊಂದು ಬರುತ್ತಿದ್ದರೆ ಇನ್ನೇನು ಮಾಡೋಕಾಗುತ್ತೆ? ಮಧ್ಯೆ ಒಬ್ಬರು ಗುಲಾಬಿ ಹೂವಿನ ಮೇಲೆ ‘ಶುಭೋದಯ’ ಅಂತ ಬರೆದಿರೋ ಚಿತ್ರ ಹಾಕ್ತಾರೆ. ಇನ್ನೊಬ್ಬರು “ಇದು ಅಫಿಷಿಯಲ್ ಗ್ರೂಪ್, ದಯವಿಟ್ಟು ಫಾರ್ವರ್ಡ್ ಬೇಡ” ಅಂತಾರೆ. ಅಲ್ಲಿಂದ ಶುರು.

ನಾನು ಮಾತ್ರ ಮ್ಯೂಟ್ ಮಾಡುವ ಹಾಗಿಲ್ಲ. ಯಾಕಂದ್ರೆ ನಾನು ನಮ್ಮ ಅಸೋಸಿಯೇಷನ್ನಿನ ಖಜಾಂಚಿ!

ಇದೇನು ನಾನು ಬಯಸಿ ಪಡೆದ ಪದವಿಯಲ್ಲ. 2023ರ ವಾರ್ಷಿಕ ಮಹಾಸಭೆಯಲ್ಲಿ ಹಳೆಯ ಕಮಿಟಿಯವರು “ನಮ್ಮ ಕೈಲಿ ಇನ್ನಾಗಲ್ಲ” ಅಂತ ಕೈ ಮುಗಿದರು. ಹೊಸಬರು ಯಾರು ಬರ್ತೀರಿ ಅಂತ ಕೇಳಿದಾಗ ಕ್ಲಬ್‌ಹೌಸಿನಲ್ಲಿ ಎಲ್ಲರೂ ಒಮ್ಮೆಲೇ ತಮ್ಮ ತಮ್ಮ ಫೋನ್ ನೋಡಿಕೊಳ್ಳೋಕೆ ಶುರು ಮಾಡಿದರು. ನಾಲ್ಕನೇ ಮಹಡಿಯಲ್ಲಿ ಒಬ್ಬರು ನಿವೃತ್ತ ಬ್ಯಾಂಕ್ ಮ್ಯಾನೇಜರ್ ಇದ್ದಾರೆ, ನಾವೆಲ್ಲ ಬ್ಯಾಂಕ್ ಅಂಕಲ್ ಅಂತೀವಿ. ಅವರು ನನ್ನ ಕಡೆ ತಿರುಗಿ, “ನೀನು ಸಾಫ್ಟ್‌ವೇರ್ ಅಲ್ವೇನಮ್ಮಾ? ಎಕ್ಸೆಲ್ ಗೊತ್ತಿರುತ್ತೆ ತಾನೇ? ನೀನೇ ನೋಡ್ಕೋಬಾರದಾ” ಅಂದರು. ಎಲ್ಲರೂ ಚಪ್ಪಾಳೆ ಹೊಡೆದೇಬಿಟ್ಟರು. ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದ್ದಕ್ಕೆ ಇಷ್ಟು ಜೋರು ಚಪ್ಪಾಳೆ ನನಗೆ ಕಾಲೇಜಿನ ಪದವಿ ಸಮಾರಂಭದಲ್ಲೂ ಸಿಕ್ಕಿರಲಿಲ್ಲ.

ನಮ್ಮದು ಬೆಂಗಳೂರಿನ ಪೂರ್ವಕ್ಕೆ, ಮಹದೇವಪುರದ ಕಡೆ. ಎರಡು ಬ್ಲಾಕ್, 84 ಮನೆ. ಟೆಕ್ ಪಾರ್ಕುಗಳು ಬಂದ ಮೇಲೆ ತೋಟ, ಗದ್ದೆ ಎಲ್ಲಾ ಲೇಔಟ್ ಆಗಿ, ಲೇಔಟುಗಳು ಅಪಾರ್ಟ್‌ಮೆಂಟ್ ಆದ ಜಾಗ. ತಿಪಟೂರಿನಿಂದ ಬಂದ ಅಮ್ಮ ಬಾಲ್ಕನಿಯಲ್ಲಿ ನಿಂತು ಮೊದಲ ದಿನ ಕೇಳಿದ್ದು ಒಂದೇ ಮಾತು: “ಇಷ್ಟು ಜನಕ್ಕೆ ನೀರೆಲ್ಲಿಂದ ತರ್ತಾರೆ?” ಆಗ ನಾನು ನಕ್ಕಿದ್ದೆ. ಆ ಪ್ರಶ್ನೆಗೆ ಉತ್ತರ ಹುಡುಕೋದೇ ಮುಂದೆ ನನ್ನ ಕೆಲಸವಾಯಿತು.

ಜಿಮ್‌ಗೆ ಹೋಗದಿದ್ದರೂ ಯಾಕೆ ಕಟ್ಟಬೇಕು?

ಖಜಾಂಚಿಗೆ ಬರುವ ಪ್ರಶ್ನೆಗಳಲ್ಲಿ ಮೊದಲನೇ ಸ್ಥಾನ ಇದಕ್ಕೆ. “ನಾನು ಗ್ರೌಂಡ್ ಫ್ಲೋರ್‌ನಲ್ಲಿದೀನಿ, ಲಿಫ್ಟಿಗೆ ನಾನ್ಯಾಕೆ ಕೊಡಬೇಕು?”, “ನಾವು ಆರು ತಿಂಗಳು ಊರಲ್ಲೇ ಇರಲಿಲ್ಲ, ಮೇಂಟೆನೆನ್ಸ್ ಬಿಟ್ಟುಬಿಡಿ.” ಕೇಳೋದು ಸಹಜವೇ. ಆದರೆ ಉತ್ತರವನ್ನು ನಾನು ಯೋಚಿಸಬೇಕಾಗಿಲ್ಲ, ಕಾನೂನೇ ಹೇಳಿದೆ. ನಮ್ಮಲ್ಲಿ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಅಂತ ಒಂದಿದೆ, 1972ರದ್ದು. ಅದರ ಪ್ರಕಾರ ಮನೆ ನಿಮ್ಮದೇ, ಆದರೆ ನೆಲ, ತಾರಸಿ, ಮೆಟ್ಟಿಲು, ಲಿಫ್ಟು, ಸಂಪು, ಬೋರ್‌ವೆಲ್ ಎಲ್ಲವೂ ಎಲ್ಲರದ್ದು. ಅದರಲ್ಲಿ ನಿಮಗಿರುವುದು ಅವಿಭಜಿತ ಪಾಲು, ಅಂದರೆ ಯಾರೂ ಹಂಚಿಕೊಂಡು ಹೋಗಲಾರದ ಪಾಲು. ‘ನಾನು ಬಳಸಲ್ಲ’ ಅಂತ ಹೇಳಿ ಅದರ ಖರ್ಚಿನಿಂದ ತಪ್ಪಿಸಿಕೊಳ್ಳುವ ಹಾಗಿಲ್ಲ.

ನಮ್ಮ ಊರ ಕಡೆ ಅಣ್ಣತಮ್ಮಂದಿರು ಆಸ್ತಿ ಭಾಗ ಮಾಡಿಕೊಂಡರೂ ತೋಟದ ಬಾವಿಯನ್ನು ಮಾತ್ರ ಭಾಗ ಮಾಡೋಕಾಗದೆ ಸರದಿ ಮೇಲೆ ನೀರು ಹಾಯಿಸ್ತಾರಲ್ಲ, ಹಾಗೆ. ಬಾವಿಯ ಹೂಳು ತೆಗೆಯುವಾಗ ಎಲ್ಲರೂ ಹಣ ಹಾಕಲೇಬೇಕು.

ಮನೆಮನೆಯಿಂದ ಬರುವ ಆ ದುಡ್ಡು ಎಲ್ಲಿ ಹೋಗುತ್ತೆ? ಸೆಕ್ಯೂರಿಟಿ ಮತ್ತು ಹೌಸ್‌ಕೀಪಿಂಗ್ ಸಂಬಳ, ಕಾಮನ್ ಕರೆಂಟ್ ಬಿಲ್, ಲಿಫ್ಟಿನ ಎಎಂಸಿ, ಜನರೇಟರಿನ ಡೀಸೆಲ್, ಕೊಳಚೆ ನೀರು ಶುದ್ಧ ಮಾಡುವ ಎಸ್‌ಟಿಪಿ, ಕಸ. ಒಂದಿಷ್ಟನ್ನು ಸಿಂಕಿಂಗ್ ಫಂಡ್ ಅಂತ ತೆಗೆದಿಡಬೇಕು. ಇಲ್ಲದಿದ್ದರೆ ಹತ್ತು ವರ್ಷ ಕಳೆದ ಮೇಲೆ ಬಣ್ಣ ಬಳಿಸುವಾಗ, ಲಿಫ್ಟ್ ಬದಲಾಯಿಸುವಾಗ ಒಂದೇ ಸಲಕ್ಕೆ ಎಲ್ಲರ ತಲೆ ಮೇಲೂ ದೊಡ್ಡ ಮೊತ್ತ ಬೀಳುತ್ತದೆ. ಒಂದು ಮನೆಯ ಮೇಂಟೆನೆನ್ಸ್ ತಿಂಗಳಿಗೆ 7,500 ರೂಪಾಯಿ ದಾಟಿ, ಅಸೋಸಿಯೇಷನ್ನಿನ ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ಬೇರೆ.

ಇದೆಲ್ಲ ಸಲೀಸಾಗಿ ನಡೆಯುವಾಗ ಯಾರಿಗೂ ಅಸೋಸಿಯೇಷನ್ ಇದೆ ಅಂತಾನೇ ಗೊತ್ತಾಗಲ್ಲ. ಅದು ಎಲ್ಲರಿಗೂ ಗೊತ್ತಾಗಿದ್ದು 2024ರ ಬೇಸಿಗೆಯಲ್ಲಿ.

ಮೂರರಲ್ಲಿ ಎರಡು ಬೋರ್ ಒಣಗಿದಾಗ

ಹಿಂದಿನ ವರ್ಷ ಮುಂಗಾರು ಕೈಕೊಟ್ಟಿತ್ತು. ಫೆಬ್ರುವರಿ ಮುಗಿಯುವ ಹೊತ್ತಿಗೆ ನಮ್ಮ ಮೂರು ಬೋರ್‌ವೆಲ್‌ಗಳಲ್ಲಿ ಎರಡು ಬರೀ ಗಾಳಿ ಕೊಡೋಕೆ ಶುರು ಮಾಡಿದವು. ನಮ್ಮ ಕಡೆಗೆ ಆಗ ಕಾವೇರಿ ಬಂದಿರಲಿಲ್ಲ. ನಮ್ಮದು 2007ರಲ್ಲಿ ಬಿಬಿಎಂಪಿಗೆ ಸೇರಿದ 110 ಹಳ್ಳಿಗಳಲ್ಲಿ ಒಂದು. ವಿಳಾಸದಲ್ಲಿ ಬೆಂಗಳೂರು, ನೀರಿನ ವಿಷಯಕ್ಕೆ ಹಳ್ಳಿ.

ಲೆಕ್ಕ ಹಾಕಿದೆ. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಬೇಕು ಅನ್ನೋದು ಸರ್ಕಾರಿ ಲೆಕ್ಕಾಚಾರಗಳಲ್ಲಿ ಬಳಸುವ ಮಾನದಂಡ. ನಮ್ಮ 84 ಮನೆ, ಮನೆಗೆ ಮೂರು ಜನ ಅಂದುಕೊಂಡರೂ 252 ಜನ. ದಿನಕ್ಕೆ 34,000 ಲೀಟರ್. ಅಂದರೆ 12,000 ಲೀಟರಿನ ಟ್ಯಾಂಕರ್ ದಿನಕ್ಕೆ ಹತ್ತಿರ ಹತ್ತಿರ ಮೂರು, ತಿಂಗಳಿಗೆ 85. ಮಾರ್ಚ್‌ನಲ್ಲಿ ಜಿಲ್ಲಾಡಳಿತ ಟ್ಯಾಂಕರ್ ದರ ನಿಗದಿ ಮಾಡಿತು. ಐದು ಕಿಲೋಮೀಟರ್ ಒಳಗಾದರೆ 12,000 ಲೀಟರಿಗೆ 1,000 ರೂಪಾಯಿ, ಹತ್ತು ಕಿಲೋಮೀಟರ್ ತನಕ 1,200. ಅದಕ್ಕೂ ಮುಂಚೆ ನಮಗೆ ಒಬ್ಬರು ಹೇಳಿದ್ದ ರೇಟು 2,000. ಅದೂ “ಮೇಡಂ, ರಾತ್ರಿ ಒಂದೂವರೆಗೆ ಬರ್ತೀನಿ, ಗೇಟ್ ತೆಗೆಸಿಡಿ” ಅನ್ನೋ ಷರತ್ತಿನ ಮೇಲೆ. ದರ ನಿಗದಿಯಾದ ಮೇಲೆ ದರವೇನೋ ಇಳಿಯಿತು, ಟ್ಯಾಂಕರ್ ಸಿಗೋದು ಕಷ್ಟವಾಯಿತು.

ಜಲಮಂಡಳಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂದಿತು. ನಲ್ಲಿಗಳಿಗೆ ಏರೇಟರ್ ಹಾಕಿ ಅಂದಿತು. ನಾವು ನೀರು ಬಿಡುವ ಹೊತ್ತನ್ನು ಬೆಳಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆಗೆ ಇಳಿಸಿದೆವು. ಆರರಿಂದ ಎಂಟರೊಳಗೆ ಎಲ್ಲರೂ ಏಳಲೇಬೇಕಾಯಿತು. ನಾನು ಅಮೆರಿಕದ ಟೀಮಿನ ಜೊತೆ ರಾತ್ರಿ ಹನ್ನೊಂದರ ತನಕ ಕಾಲ್ ಮುಗಿಸಿ, ಒಂದೂವರೆಗೆ ಟ್ಯಾಂಕರ್ ಬಂತಾ ಅಂತ ಸೆಕ್ಯೂರಿಟಿಗೆ ಫೋನ್ ಮಾಡಿ, ಬೆಳಗ್ಗೆ ಆರಕ್ಕೆ ಬಕೆಟ್ ತುಂಬಿಸೋಕೆ ಏಳುತ್ತಿದ್ದೆ. ಒಂದು ಮಾತು ಹೇಳಬೇಕು. ಆ ಎರಡು ತಿಂಗಳಲ್ಲಿ ಅಕ್ಕಪಕ್ಕದವರ ಜೊತೆ ಆಡಿದಷ್ಟು ಮಾತನ್ನು ಅದಕ್ಕೂ ಹಿಂದಿನ ನಾಲ್ಕು ವರ್ಷದಲ್ಲಿ ಆಡಿರಲಿಲ್ಲ. “ನಿಮ್ಮನೇಲಿ ಬಂತಾ?” ಅನ್ನೋದೇ ಎಲ್ಲರ ನಮಸ್ಕಾರವಾಗಿತ್ತು.

ಆಗ ಕರೆದದ್ದೇ ವಿಶೇಷ ಸಭೆ. ಅದರಲ್ಲಿ ನಡೆದದ್ದನ್ನು ಹೇಳೋಕೇ ಈ ಲೇಖನ ಬರೆಯುತ್ತಿದ್ದೇನೆ.

ಇತರೆ ವಿಷಯಗಳು

ಭಾನುವಾರ ಬೆಳಗ್ಗೆ ಹತ್ತಕ್ಕೆ ಸಭೆ. ಬಂದವರು 31 ಮನೆಯವರು. ಕೋರಂ ಇಲ್ಲ ಅಂತ ನಮ್ಮ ಬೈಲಾ ಹೇಳೋ ಹಾಗೆ ಅರ್ಧ ಗಂಟೆ ಮುಂದಕ್ಕೆ ಹಾಕಿ, ಬಂದಷ್ಟೇ ಜನರೊಂದಿಗೆ ಶುರು ಮಾಡಿದೆವು. ನೀರಿನ ಸಮಯ, ಟ್ಯಾಂಕರಿಗೆ ಹೆಚ್ಚುವರಿ ಹಣ, ಪ್ರತಿ ಮನೆಗೂ ಮೀಟರ್. ಮೂರು ವಿಷಯಕ್ಕೆ ಎರಡೂವರೆ ಗಂಟೆ ಹಿಡಿಯಿತು. ಹಸಿವಾಗುತ್ತಿತ್ತು. ಕೆಲವರು ಎದ್ದು ನಿಂತಿದ್ದರು. ಅಜೆಂಡಾದ ಕೊನೆಯ ಸಾಲು ಎಂದಿನಂತೆ ‘ಇತರೆ ವಿಷಯಗಳು, ಅಧ್ಯಕ್ಷರ ಅನುಮತಿಯೊಂದಿಗೆ’.

ಎ ಬ್ಲಾಕಿನ ಒಬ್ಬರು ಎದ್ದರು. “ಕೆಳಗಡೆ ಬೇಸ್‌ಮೆಂಟಲ್ಲಿ ಸ್ಟಾಫ್ ಟಾಯ್ಲೆಟ್ ಇದೆಯಲ್ಲ, ಮಳೆ ಬರೋ ತನಕ ಅದಕ್ಕೆ ಬೀಗ ಹಾಕಿಬಿಡೋಣ. ನಾವು ಎರಡು ಬಕೆಟ್‌ನಲ್ಲಿ ಸ್ನಾನ ಮಾಡ್ತಿದೀವಿ. ಅಲ್ಲಿ ಇಡೀ ದಿನ ನೀರು ಹರೀತಿರುತ್ತೆ.”

ತಲೆಗಳು ಅಲ್ಲಾಡಿದವು. “ಕರೆಕ್ಟ್, ಕರೆಕ್ಟ್” ಅಂತ ಒಂದೆರಡು ದನಿ ಕೇಳಿತು. ನೀರಿಲ್ಲದ ಮನೆಯಿಂದ ಬಂದವರ ಮಾತು ಅದು. ಕೆಟ್ಟತನದಿಂದ ಹೇಳಿದ್ದಲ್ಲ ಅಂತ ನನಗೆ ಅವತ್ತೂ ಅನಿಸಿತ್ತು, ಇವತ್ತೂ ಅನಿಸುತ್ತದೆ.

ಆ ಟಾಯ್ಲೆಟ್ ಬಳಸುವವರು ಯಾರು? ಹನ್ನೆರಡು ಗಂಟೆ ಪಾಳಿಯ ಸೆಕ್ಯೂರಿಟಿಯವರು. ರಾಯಚೂರು ಕಡೆಯಿಂದ ಬಂದು ಪಕ್ಕದ ಶೆಡ್ಡುಗಳಲ್ಲಿ ಇರುವ ಹೌಸ್‌ಕೀಪಿಂಗ್ ಹೆಂಗಸರು. ಬೆಳಗ್ಗೆ ಏಳರಿಂದ ಮಧ್ಯಾಹ್ನದ ತನಕ ನಾಲ್ಕೈದು ಮನೆ ಕೆಲಸ ಮಾಡುವ ಅಕ್ಕಂದಿರು. ನಮ್ಮ ಮನೆಗಳ ಪಾತ್ರೆ, ಬಟ್ಟೆ, ಬಾತ್‌ರೂಮ್ ಎಲ್ಲ ತೊಳೆಯುವ ಅವರು ನಮ್ಮ ಬಾತ್‌ರೂಮ್ ಬಳಸುವುದನ್ನು ಎಷ್ಟು ಮನೆಗಳಲ್ಲಿ ಒಪ್ಪುತ್ತಾರೆ ಅನ್ನೋದು ನಿಮಗೂ ಗೊತ್ತು.

“ಮತ್ತೆ ಅವರು ಎಲ್ಲಿ ಹೋಗಬೇಕು?” ಅಂತ ಕೇಳಿದ್ದು, ಮಡಿಲಲ್ಲಿ ಮಗು ಇಟ್ಟುಕೊಂಡು ಕೂತಿದ್ದ ಮೂರನೇ ಮಹಡಿಯ ಒಬ್ಬರು. “ಮೇನ್ ರೋಡಲ್ಲಿ ಪಬ್ಲಿಕ್ ಟಾಯ್ಲೆಟ್ ಇದೆಯಲ್ಲ” ಅಂದರು ಯಾರೋ. “ಒಂದೂವರೆ ಕಿಲೋಮೀಟರ್ ಆಗುತ್ತೆ. ನೀವು ಹೋಗ್ತೀರಾ?” ಅಂದರು ಇವರು. ದನಿಗಳು ಏರಿದವು.

ಅಮ್ಮ ಹಿಂದಿನ ಸಾಲಲ್ಲಿ ಕೂತಿದ್ದರು. ಅಮ್ಮ ಸದಸ್ಯರಲ್ಲ, ಓಟಿಲ್ಲ. “ಮೀಟಿಂಗಲ್ಲಿ ಅದೇನು ಮಾತಾಡ್ತೀರೋ ನೋಡ್ತೀನಿ” ಅಂತ ಬಂದವರು. ಬಾಗಿಲ ಹತ್ತಿರ ನಮ್ಮ ಪ್ಲಂಬರ್ ನಿಂತಿದ್ದರು. ನಾಗಮಂಗಲದವರು, ಅಪಾರ್ಟ್‌ಮೆಂಟ್ ಶುರುವಾದಾಗಿಂದ ಇದ್ದಾರೆ. ಎಲ್ಲರಿಗೂ ಬರೀ ಅಣ್ಣ. ಸಭೆ ಮುಗಿದ ಮೇಲೆ ವಾಲ್ವ್ ತಿರುಗಿಸೋದು ಎಷ್ಟು ಗಂಟೆಗೆ ಅಂತ ಕೇಳಿಕೊಂಡು ಹೋಗೋಕೆ ಬಂದಿದ್ದರು. ಅಮ್ಮ ತಿರುಗಿ ಅವರನ್ನೇ ಕೇಳಿದರು. “ಏನಪ್ಪಾ, ಆ ಕೆಳಗಿನ ಟಾಯ್ಲೆಟ್ಟಿಗೆ ಬರೋದು ಯಾವ ನೀರು?”

“ಅದು ಎಸ್‌ಟಿಪಿ ನೀರು ಅಮ್ಮಾ. ಗಿಡಕ್ಕೆ ಬಿಡೋದು ಅದೇಯ. ಕೈ ತೊಳಿಯೋ ನಲ್ಲಿ ಒಂದೇ ಸಂಪಿಂದು.”

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಫ್ಲಶ್‌ಗೆ, ತೊಳೆಯೋಕೆ ಅಲ್ಲಿ ಹರಿಯುತ್ತಿದ್ದದ್ದು ನಮ್ಮದೇ ಮನೆಗಳಿಂದ ಕೆಳಗಿಳಿದ ನೀರು, ಶುದ್ಧವಾಗಿ ವಾಪಸ್ ಬಂದದ್ದು. ಬೀಗ ಹಾಕಿದ್ದರೆ ಟ್ಯಾಂಕರ್ ನೀರಿನಲ್ಲಿ ಉಳಿಯುತ್ತಿದ್ದದ್ದು ಕೈ ತೊಳೆಯುವಷ್ಟು. ಉಳಿದ ನೀರು ಹೇಗೂ ಚರಂಡಿ ಪಾಲೇ. ಇದು ಬ್ಯಾಂಕ್ ಅಂಕಲ್‌ಗೆ ಗೊತ್ತಿರಲಿಲ್ಲ, ಐಟಿ ಕಂಪನಿಗಳಲ್ಲಿ ದೊಡ್ಡ ದೊಡ್ಡ ಸಿಸ್ಟಮ್ ಕಟ್ಟುವ ನಮಗೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದ ಒಬ್ಬರಿಗೆ ಆ ಸಭೆಯಲ್ಲಿ ಕುರ್ಚಿಯೂ ಇರಲಿಲ್ಲ.

ಇಷ್ಟಾದ ಮೇಲೂ ಕೆಲವರು ಒಪ್ಪಲಿಲ್ಲ. “ಆ ಒಂದು ನಲ್ಲೀಲೇ ಬಕೆಟ್ ತುಂಬಿಸಿಕೊಂಡು ಹೋಗ್ತಾರೆ” ಅಂದರು. ಕೊನೆಗೆ ಕೈ ಎತ್ತಿಸಿದೆವು. ಬೀಗ ಬೇಡ 17, ಬೀಗ ಬೇಕು 14.

ಮೂರು ಕೈಗಳ ಅಂತರ. ಎದ್ದು ಹೊರಡಲು ನಿಂತಿದ್ದ ನಾಲ್ಕು ಜನ ಐದು ನಿಮಿಷ ಮುಂಚೆ ಊಟಕ್ಕೆ ಹೋಗಿದ್ದರೆ, ಅಮ್ಮ ಮನೆಯಲ್ಲೇ ಇದ್ದಿದ್ದರೆ, ಪ್ಲಂಬರ್ ಅಣ್ಣ ಹತ್ತು ನಿಮಿಷ ತಡವಾಗಿ ಬಂದಿದ್ದರೆ, ಐವತ್ತಕ್ಕೂ ಹೆಚ್ಚು ಹೆಣ್ಣು-ಗಂಡು ಮಳೆ ಬರುವ ತನಕ ದಿನವಿಡೀ ತಡೆದುಕೊಂಡು ಕೆಲಸ ಮಾಡಬೇಕಿತ್ತು. ನೀರು ಕುಡಿಯುವುದನ್ನೇ ಕಡಿಮೆ ಮಾಡಿಕೊಳ್ಳಬೇಕಿತ್ತು, ಅದೂ ಆ ಬಿಸಿಲಿನಲ್ಲಿ. ಆ ಸಭೆಗೆ ಬಾರದ 53 ಮನೆಯವರಿಗೆ ಇದು ಗೊತ್ತೂ ಆಗುತ್ತಿರಲಿಲ್ಲ. ನಡಾವಳಿ ಪುಸ್ತಕದಲ್ಲಿ ‘ಇತರೆ ವಿಷಯಗಳು’ ಅಂತ ಒಂದು ಸಾಲು ಇರುತ್ತಿತ್ತು ಅಷ್ಟೆ.

ನಾನು ಪೇಪರ್ ಓದಿ ದೇಶದ ಬಗ್ಗೆ ಎಷ್ಟೋ ಮಾತಾಡ್ತೀನಿ, ನೀವೂ ಮಾತಾಡ್ತೀರಿ. ಆದರೆ ನಮ್ಮ ಕೈ ಎತ್ತಿದರೆ ನಿಜಕ್ಕೂ ಫಲಿತಾಂಶ ಬದಲಾಗುವ ಜಾಗ ಯಾವುದು? ಕ್ಲಬ್‌ಹೌಸಿನ ಆ ಪ್ಲಾಸ್ಟಿಕ್ ಕುರ್ಚಿ.

ಮೀಟರ್ ಹೇಳಿದ ಕಥೆಗಳು

ಮೀಟರಿನ ವಿಷಯ ಅಷ್ಟು ಸುಲಭವಾಗಿ ಮುಗಿಯಲಿಲ್ಲ. ಅಲ್ಲಿಯ ತನಕ ನೀರಿನ ಖರ್ಚನ್ನೂ ಚದರಡಿ ಲೆಕ್ಕದಲ್ಲೇ ಹಂಚುತ್ತಿದ್ದೆವು. ಎರಡನೇ ಮಹಡಿಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಮಕ್ಕಳು ಹೊರದೇಶದಲ್ಲಿ. 1,650 ಚದರಡಿ ಮನೆಯಲ್ಲಿ ಒಬ್ಬರೇ. “ನಾನು ದಿನಕ್ಕೆ ಬಳಸೋದು ನಾಲ್ಕು ಬಕೆಟ್ ಕಣಮ್ಮಾ, ಐದು ಜನ ಇರೋ ಪಕ್ಕದ ಮನೆಗಿಂತ ಜಾಸ್ತಿ ದುಡ್ಡು ನಂದೇ” ಅಂತಿದ್ದರು. ನ್ಯಾಯವೇ. ಆದರೆ ಲೀಟರಿಗಿಷ್ಟು ಅಂತ ಹಾಕಿದರೆ, ಹಾಸಿಗೆ ಹಿಡಿದ ತಂದೆಯನ್ನು ನೋಡಿಕೊಳ್ಳುತ್ತಿರುವ ಮನೆಗೆ ಬಿಲ್ ಜಾಸ್ತಿ ಬರುತ್ತದೆ. ದಿನಕ್ಕೆ ಎರಡು ಸಲ ಚಾದರ ಒಗೆಯಲೇಬೇಕು. ಅದು ದುಂದಲ್ಲ. ಯಾವುದು ನ್ಯಾಯ?

ಕೊನೆಗೆ ಒಪ್ಪಿಕೊಂಡದ್ದು ಹಂತದ ದರ. ಮನೆಯಲ್ಲಿ ಇರುವ ತಲೆಗೆ ದಿನಕ್ಕೆ 135 ಲೀಟರ್ ತನಕ ಕಡಿಮೆ ದರ, ಮೇಲಿನದಕ್ಕೆ ಹೆಚ್ಚು. ಕಾಯಿಲೆಯವರಿರುವ ಮನೆ ಬರೆದುಕೊಟ್ಟರೆ ವಿನಾಯಿತಿ.

ತಾಂತ್ರಿಕ ತೊಂದರೆ ಬೇರೆ. ಮನೆಗೊಂದು ಮೀಟರ್ ಅಂತ ಹೇಳೋದು ಸುಲಭ. ನಮ್ಮಂಥ ಕಟ್ಟಡಗಳಲ್ಲಿ ತಾರಸಿಯ ಟ್ಯಾಂಕಿನಿಂದ ಅಡುಗೆಮನೆಗೊಂದು, ಒಂದೊಂದು ಬಾತ್‌ರೂಮಿಗೆ ಒಂದೊಂದು, ಬಟ್ಟೆ ಒಗೆಯೋ ಜಾಗಕ್ಕೊಂದು ಪೈಪ್ ಬೇರೆ ಬೇರೆ ಡಕ್ಟ್‌ಗಳಲ್ಲಿ ಇಳಿದಿರುತ್ತದೆ. ಹಾಗಾಗಿ ಮನೆಗೆ ನಾಲ್ಕು ಐದು ಮೀಟರ್ ಬೇಕು. ನೀವು ಹೊಸ ಅಪಾರ್ಟ್‌ಮೆಂಟ್ ನೋಡುತ್ತಿದ್ದರೆ ಈ ಪ್ರಶ್ನೆ ಬಿಲ್ಡರ್‌ಗೆ ಈಗಲೇ ಕೇಳಿ: “ಮನೆಗೆ ನೀರು ಬರೋ ಪೈಪ್ ಎಷ್ಟು?” ಕಿಚನ್ನಿನ ಗ್ರಾನೈಟ್ ಯಾವ ಬಣ್ಣ ಅನ್ನೋದಕ್ಕಿಂತ ಇದು ಮುಖ್ಯ.

ಕಂತಿನ ಮೇಲೆ ಹಾಕಿಸಿದೆವು. ಮೊದಲ ತಿಂಗಳ ರೀಡಿಂಗ್ ನೋಡುವಾಗ ಒಂದು ತಮಾಷೆ. ಬೀಗ ಹಾಕಿದ ಮನೆಯೊಂದರ ಮೀಟರ್ ರಾತ್ರಿ ಎರಡು ಗಂಟೆಗೂ ಓಡುತ್ತಿತ್ತು! ಮಾಲೀಕರು ಅಮೆರಿಕದಲ್ಲಿ. ಅವರ ನೆಂಟರನ್ನು ಕರೆಸಿ ಬಾಗಿಲು ತೆಗೆಸಿ ನೋಡಿದರೆ ಬಾತ್‌ರೂಮಿನ ಹೆಲ್ತ್ ಫಾಸೆಟ್ಟಿನ ಪೈಪ್ ಸೋರುತ್ತಿತ್ತು. ಎಷ್ಟು ತಿಂಗಳಿಂದಲೋ. ಆ ನೀರಿನ ದುಡ್ಡನ್ನು 84 ಮನೆಯವರೂ ಸೇರಿ ಕಟ್ಟುತ್ತಿದ್ದೆವು. ಬೇಸ್‌ಮೆಂಟಿನ ಟಾಯ್ಲೆಟ್ಟಿನ ಮೇಲೆ ಬಿದ್ದ ಕಣ್ಣು ಮೇಲಿನ ಮನೆಗಳ ಕಡೆ ಹೋಗೋಕೆ ಮೀಟರ್ ಬರಬೇಕಾಯಿತು.

ಇನ್ನೊಂದು ಲೆಕ್ಕ ನನ್ನನ್ನು ಬೆರಗುಗೊಳಿಸಿತು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನಮ್ಮ ಎರಡು ಬ್ಲಾಕಿನ ತಾರಸಿ ಸುಮಾರು 1,500 ಚದರ ಮೀಟರ್. ಬೆಂಗಳೂರಿಗೆ ವರ್ಷಕ್ಕೆ ಸರಾಸರಿ ಸುಮಾರು 970 ಮಿಲಿಮೀಟರ್ ಮಳೆ. ಅಂದರೆ 14.5 ಲಕ್ಷ ಲೀಟರ್, 120 ಟ್ಯಾಂಕರ್! ಅಷ್ಟೂ ಸಿಗುವುದಿಲ್ಲ, ಆವಿಯಾಗುತ್ತದೆ, ಮೊದಲ ಮಳೆಯ ಕೊಳೆನೀರು ಬಿಡಬೇಕು. ಆದರೂ ಅರ್ಧ ಸಿಕ್ಕರೂ 60 ಟ್ಯಾಂಕರ್. ಮಳೆನೀರು ಕೊಯ್ಲು 2009ರಿಂದಲೂ ಬೆಂಗಳೂರಲ್ಲಿ ಕಡ್ಡಾಯ. ನಮ್ಮ ಕಟ್ಟಡದಲ್ಲೂ ಇಂಗುಗುಂಡಿ ಇತ್ತು, ಎಲೆ, ಮಣ್ಣು ತುಂಬಿ ಮುಚ್ಚಿಹೋಗಿತ್ತು. ಅದನ್ನು ಸ್ವಚ್ಛ ಮಾಡಿಸುವ ಜವಾಬ್ದಾರಿ ಹೊತ್ತವರು ಯಾರು ಗೊತ್ತಾ? ಟಾಯ್ಲೆಟ್ಟಿಗೆ ಬೀಗ ಹಾಕೋಣ ಅಂದಿದ್ದ ಎ ಬ್ಲಾಕಿನವರೇ. ಎರಡು ಶನಿವಾರ ಬಿಸಿಲಲ್ಲಿ ನಿಂತು ಕೆಲಸ ಮಾಡಿಸಿದರು. ಆ ವರ್ಷ ಜೂನ್ 2ರಂದು ಬೆಂಗಳೂರಿಗೆ ಒಂದೇ ದಿನ 111 ಮಿಲಿಮೀಟರ್ ಮಳೆ ಸುರಿದಾಗ, ಛತ್ರಿ ಹಿಡಿದು ಇಂಗುಗುಂಡಿಯ ಪಕ್ಕ ನಿಂತು ವಿಡಿಯೊ ಮಾಡಿ ಗ್ರೂಪಿಗೆ ಹಾಕಿದವರೂ ಅವರೇ. ಅವತ್ತು ಫಾರ್ವರ್ಡ್ ಬೇಡ ಅಂತ ಯಾರೂ ಹೇಳಲಿಲ್ಲ.

ಅಕ್ಟೋಬರ್ 16ಕ್ಕೆ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. 110 ಹಳ್ಳಿಗಳಿಗಾಗಿಯೇ ದಿನಕ್ಕೆ 775 ದಶಲಕ್ಷ ಲೀಟರ್ ನೀರು ತರುವ ಯೋಜನೆ. ನಮಗೂ ಸಂಪರ್ಕ ಬಂತು. ಅದಕ್ಕೆ ಕಟ್ಟಬೇಕಾದ ಪ್ರೊ-ರೇಟಾ ಶುಲ್ಕದ ಬಗ್ಗೆ ಮತ್ತೊಂದು ಸಭೆ, ಮತ್ತೊಂದಿಷ್ಟು ಜಗಳ. ಈ ಸಲ ಬಂದವರು 58 ಮನೆಯವರು.

ಓಟಿಲ್ಲದವರ ಊರು

ಆ ಬೇಸಿಗೆ ಮುಗಿದ ಮೇಲೆ ನಾವು ಮೂರು ಸಣ್ಣ ಬದಲಾವಣೆ ಮಾಡಿಕೊಂಡೆವು.

ಒಂದು, ಬಾಡಿಗೆದಾರರನ್ನೂ ಸಭೆಗೆ ಕರೆಯೋದು. ನಮ್ಮಲ್ಲಿ ಹತ್ತಿರ ಹತ್ತಿರ ಅರ್ಧ ಮನೆಗಳಲ್ಲಿ ಇರುವವರು ಬಾಡಿಗೆಯವರು. ಮೇಂಟೆನೆನ್ಸ್ ಕಟ್ಟೋದು ಅವರು, ಬೆಳಗ್ಗೆ ಆರಕ್ಕೆ ಬಕೆಟ್ ಹಿಡಿಯೋದು ಅವರು. ಓಟು ಮಾತ್ರ ಪುಣೆಯಲ್ಲೋ ದುಬೈನಲ್ಲೋ ಇರುವ ಮಾಲೀಕರದ್ದು. ಓಟು ಕೊಡೋಕೆ ಬೈಲಾ ಬಿಡಲ್ಲ. ಆದರೆ ಮಾತಾಡೋಕೆ ಯಾರೂ ಬೇಡ ಅಂದಿಲ್ಲವಲ್ಲ. ನಿಮ್ಮಲ್ಲಿ ಬಾಡಿಗೆಗೆ ಇರುವವರೇ ಹೆಚ್ಚಿರಬಹುದು. ನೀವೇ ಕೇಳಿ ನೋಡಿ, “ಸರ್, ನಾವೂ ಬಂದು ಕೂತ್ಕೋಬಹುದಾ?” ಅಂತ. ಬೇಡ ಅನ್ನೋಕೆ ಅವರಿಗೂ ಕಾರಣ ಸಿಗಲ್ಲ.

ಎರಡು, ನೀರು, ಕರೆಂಟ್, ಲಿಫ್ಟಿನ ವಿಷಯ ಬಂದಾಗ ಪ್ಲಂಬರ್ ಅಣ್ಣನಿಗೆ, ಎಲೆಕ್ಟ್ರಿಷಿಯನ್‌ಗೆ, ಹೌಸ್‌ಕೀಪಿಂಗ್ ಸೂಪರ್‌ವೈಸರ್‌ಗೆ ಸಭೆಯಲ್ಲಿ ಕುರ್ಚಿ. ಮೊದಲ ಸಲ ಕರೆದಾಗ ಪ್ಲಂಬರ್ ಅಣ್ಣ ಕೂರಲಿಲ್ಲ. “ಪರ್ವಾಗಿಲ್ಲ ಮೇಡಂ, ನಿಂತ್ಕೋತೀನಿ” ಅಂದರು. ಬ್ಯಾಂಕ್ ಅಂಕಲ್ ಎದ್ದು ಹೋಗಿ ಅವರ ತೋಳು ಹಿಡಿದು ಕೂರಿಸಿದರು. “ನೀವು ಕೂತ್ಕೊಳ್ಳೋ ತನಕ ಮೀಟಿಂಗ್ ಶುರು ಮಾಡಲ್ಲ ಕಣ್ರೀ” ಅಂದರು.

ಮೂರು, ನೋಟಿಸ್ ಕನ್ನಡದಲ್ಲೂ ಇರಬೇಕು. ಅಲ್ಲಿಯ ತನಕ ಎಲ್ಲವೂ ಇಂಗ್ಲಿಷಿನಲ್ಲೇ ಇತ್ತು. ನೀರು ಎಷ್ಟು ಗಂಟೆಗೆ ಬರುತ್ತೆ ಅಂತ ಯಾರಿಗೆ ಮುಖ್ಯವಾಗಿ ಗೊತ್ತಾಗಬೇಕೋ, ಆ ಕೆಲಸದ ಅಕ್ಕಂದಿರಿಗೆ ಅದು ಓದೋಕೆ ಬರುತ್ತಿರಲಿಲ್ಲ. ಅಮ್ಮನಂಥ ಹಿರಿಯರಿಗೂ ಅಷ್ಟೆ. ಈಗ ನಾನು ಕನ್ನಡದಲ್ಲಿ ಬರೆದು ಲಿಫ್ಟಿನೊಳಗೆ ಅಂಟಿಸ್ತೀನಿ. ಒಡಿಶಾದವರು, ಅಸ್ಸಾಮಿನವರು ಸೆಕ್ಯೂರಿಟಿಯಲ್ಲಿದ್ದಾರೆ. ಅವರಿಗೆ ಹಿಂದಿಯಲ್ಲಿ ವಾಯ್ಸ್ ಮೆಸೇಜ್ ಹೋಗುತ್ತದೆ. ಇದರಿಂದ ಆದ ಇನ್ನೊಂದು ಲಾಭ ಅಂದರೆ, ಲಿಫ್ಟಿನಲ್ಲಿ ನೋಟಿಸ್ ಓದುತ್ತಾ ಕನ್ನಡ ಅಕ್ಷರ ಕಲಿಯುತ್ತಿರುವ ಇಬ್ಬರು ಹೊರರಾಜ್ಯದ ಮಕ್ಕಳು ನನಗೆ ಸಿಕ್ಕಿದ್ದಾರೆ. “ಆಂಟಿ, ‘ದುರಸ್ತಿ’ ಮೀನ್ಸ್ ರಿಪೇರಿನಾ?” ಅಂತ ಕೇಳ್ತಾರೆ. ಆಂಟಿ ಅಂದಿದ್ದನ್ನು ಕ್ಷಮಿಸಿದ್ದೇನೆ.

ಲೆಕ್ಕವನ್ನೂ ತೆರೆದಿಟ್ಟಿದ್ದೇನೆ. ಪ್ರತಿ ತಿಂಗಳು ಹತ್ತನೇ ತಾರೀಖಿನೊಳಗೆ ಹಿಂದಿನ ತಿಂಗಳ ಖರ್ಚು, ಬಿಲ್ಲಿನ ಫೋಟೊ ಸಮೇತ ಶೀಟಿನಲ್ಲಿ ಇರುತ್ತದೆ. ಯಾರು ಬೇಕಾದರೂ ನೋಡಬಹುದು. ನೋಡುವವರು ಕಡಿಮೆ ಅನ್ನೋದು ಬೇರೆ ಮಾತು. ಆದರೆ ನೋಡಬಹುದು ಅಂತ ಗೊತ್ತಿರೋದೇ ಅರ್ಧ ಅನುಮಾನ ಕಡಿಮೆ ಮಾಡುತ್ತದೆ. “ದುಡ್ಡೆಲ್ಲ ಏನಾಗ್ತಿದೆ?” ಅಂತ ಗ್ರೂಪಿನಲ್ಲಿ ಕೇಳುವವರಿಗೆ ಈಗ ನಾನು ಉತ್ತರ ಕೊಡೋದಿಲ್ಲ, ಯಾರೋ ಒಬ್ಬರು ಆ ಶೀಟಿನ ಲಿಂಕ್ ಹಾಕಿ ಸುಮ್ಮನಾಗ್ತಾರೆ.

ಎಲ್ಲ ಸರಿಹೋಯಿತು ಅಂತಲ್ಲ. ಪಾರ್ಕಿಂಗ್ ಜಗಳ ಹಾಗೇ ಇದೆ. ನಾಯಿ ಜಗಳ ಇನ್ನೂ ಜೋರಾಗಿದೆ. ಬೇಸ್‌ಮೆಂಟಿನ ಗೋಡೆ ಮಳೆಗಾಲದಲ್ಲಿ ಸೋರುತ್ತದೆ, ಬಿಲ್ಡರ್ ಜೊತೆ ಪತ್ರ ವ್ಯವಹಾರ ನಡೆದೇ ಇದೆ. ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಐದು ವರ್ಷದೊಳಗೆ ಬಿಲ್ಡರೇ ಸರಿಮಾಡಿಕೊಡಬೇಕು ಅಂತ 2016ರ ರೇರಾ ಕಾಯ್ದೆ ಹೇಳುತ್ತದೆ. ಐದು ವರ್ಷ ತುಂಬುವ ಮುಂಚೆ ಬರವಣಿಗೆಯಲ್ಲಿ ದೂರು ಕೊಡಿ ಅಂತ ಹೊಸ ಮನೆ ತೆಗೆದುಕೊಂಡ ಸ್ನೇಹಿತರಿಗೆಲ್ಲ ಹೇಳುತ್ತಿರುತ್ತೇನೆ.

ಬೇಸ್‌ಮೆಂಟಿನ ಟಾಯ್ಲೆಟ್ಟಿಗೆ ಈಗ ಏರೇಟರ್ ಹಾಕಿದ ನಲ್ಲಿ ಇದೆ, ಒಳಗಿಂದ ಗಟ್ಟಿ ಚಿಲಕ ಇದೆ, ಸೋಪ್ ಇದೆ. ಹೆಂಗಸರಿಗೆ ಬೇರೆಯದೇ ಒಂದು ಮಾಡಬೇಕು ಅನ್ನೋ ಪ್ರಸ್ತಾಪ ಮುಂದಿನ ಬಜೆಟ್ಟಿನಲ್ಲಿದೆ. ಅದನ್ನು ಬರೆದುಕೊಟ್ಟವರು ಅವತ್ತು ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ ಮೂರನೇ ಮಹಡಿಯವರು. ಅವರೀಗ ನಮ್ಮ ಕಾರ್ಯದರ್ಶಿ. ಪ್ರಸ್ತಾಪ ಪಾಸಾಗುತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಅದು ಅವತ್ತು ಎಷ್ಟು ಜನ ಬರ್ತಾರೆ ಅನ್ನೋದರ ಮೇಲಿದೆ.

ನಿಮ್ಮ ಅಪಾರ್ಟ್‌ಮೆಂಟಿನಲ್ಲೂ ವಾರ್ಷಿಕ ಸಭೆ ಇರುತ್ತದೆ. ಹೋಗುವ ಮುಂಚೆ ಬೈಲಾ ಒಮ್ಮೆ ಓದಿ, ಹಿಂದಿನ ವರ್ಷದ ಲೆಕ್ಕಪತ್ರ ಕೇಳಿ ಪಡೆದುಕೊಳ್ಳಿ. ಸಭೆಯಲ್ಲಿ ಮಾತಾಡಲೇಬೇಕು ಅಂತೇನಿಲ್ಲ. ಆದರೆ ತಿಂಡಿ ಚೆನ್ನಾಗಿ ತಿಂದುಕೊಂಡು ಹೋಗಿ, ಯಾಕಂದ್ರೆ ‘ಇತರೆ ವಿಷಯಗಳು’ ಮುಗಿಯುವ ತನಕ ಕೂತಿರಬೇಕು.